ಮುಖದ ಮೇಲಿನ ಗುರುತು ಯಾರದು?

ಕೃಷ್ಣದೇವರಾಯನ ಮುಖದ ಮೇಲೆ ಸಿಡುಬಿನ ಗುರುತುಗಳಿದ್ದವು. ಇದನ್ನು ಬರೆದಿಟ್ಟವನು ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದು ರಾಯನನ್ನು ಹತ್ತಿರದಿಂದ ಕಂಡವನು ಅವನು. ಮಧ್ಯಮ ಎತ್ತರ, ಬಿಳುಪು ಮೈಬಣ್ಣ, ತೆಳ್ಳಗೆ ಎನ್ನುವುದಕ್ಕಿಂತ ತುಸು ದಪ್ಪ ಎನ್ನಬಹುದಾದ ಮೈಕಟ್ಟು, ಮುಖದಲ್ಲಿ ಸಿಡುಬು ಬಂದು ಹೋದ ಕುಳಿಗಳು. ನಗುಮೊಗದವನು, ಪರದೇಶದವರನ್ನು ಆದರದಿಂದ ಮಾತನಾಡಿಸಿ ಅವರ ಊರು ಕೇರಿಯನ್ನೆಲ್ಲ ವಿಚಾರಿಸುವವನು. ಆದರೆ ಇದ್ದಕ್ಕಿದ್ದಂತೆ ಸಿಟ್ಟು ನೆತ್ತಿಗೇರುವವನು. ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಅದೆಲ್ಲ ಬೆವರಾಗಿ ಇಳಿಯುವ ತನಕ ಭಾರ ಎತ್ತಿ ಕತ್ತಿ ತಿರುಗಿಸುವವನು. ಕೆಲವೇ ಸಾಲುಗಳಲ್ಲಿ ಒಬ್ಬ ಮನುಷ್ಯ ಎದ್ದು ಬಂದು ನಮ್ಮೆದುರು ನಿಲ್ಲುತ್ತಾನೆ.

ಈಗ ತಿರುಮಲೆಗೆ ಹೋಗಿ ನೋಡಿ. ದೇವಸ್ಥಾನದ ಒಳಗೆ ಕಾಲಿಟ್ಟೊಡನೆ ಸಿಗುವ ಮಂಟಪದಲ್ಲಿ ಅದೇ ರಾಯನಿದ್ದಾನೆ. ಜೊತೆಗೆ ತಿರುಮಲದೇವಿ ಮತ್ತು ಚಿನ್ನಾದೇವಿ. ಮೂವರೂ ಕೈಮುಗಿದು ನಿಂತ ಲೋಹದ ಪ್ರತಿಮೆಗಳು. ರಾಯನ ತಲೆಯ ಮೇಲೆ ಎತ್ತರದ ಟೋಪಿ. ಕೆನ್ನೆ ಮಾತ್ರ ನುಣುಪು. ಸಿಡುಬಿನ ಸುಳಿವೇ ಇಲ್ಲ. ಇದು ಯಾರು ಎಂದು ತಿಳಿಯಲಿ ಎಂದು ಭುಜದ ಮೇಲೆ ಹೆಸರು ಕೊರೆದಿದ್ದಾರೆ. ಶಿಲ್ಪಿಗೆ ತಾನು ಮಾಡಿದ ಮುಖದ ಮೇಲೆ ನಂಬಿಕೆ ಇರಲಿಲ್ಲವೋ, ಅಥವಾ ಮುಖ ನೋಡಿ ಗುರುತು ಹಿಡಿಯಬೇಕು ಎಂಬುದೇ ಅದರ ಉದ್ದೇಶವಾಗಿರಲಿಲ್ಲವೋ? ಎರಡನೆಯದೇ ನಿಜ ಎಂದು ನನ್ನ ಎಣಿಕೆ. ಆ ಪ್ರತಿಮೆ ನಿಂತಿರುವುದು ನಮಗಾಗಿ ಅಲ್ಲ, ವೆಂಕಟೇಶ್ವರನಿಗಾಗಿ. ರಾಯ ರಾಜಧಾನಿಯಲ್ಲಿದ್ದರೂ ರಣರಂಗದಲ್ಲಿದ್ದರೂ ಅವನ ಪರವಾಗಿ ಅದು ಕೈಮುಗಿದುಕೊಂಡಿರಬೇಕು. ದೇವರಿಗೆ ಗುರುತು ಹತ್ತಲು ಸಿಡುಬಿನ ಕುಳಿಗಳು ಬೇಕಾಗಿಲ್ಲ.

ಇದೇ ಪಾಯಸ್ ಅರಮನೆಯ ಬಾಗಿಲೊಂದರಲ್ಲಿ ಎರಡು ಚಿತ್ರಗಳನ್ನು ಕಂಡದ್ದಾಗಿ ಹೇಳುತ್ತಾನೆ. ಬಲಗಡೆ ರಾಯನ ತಂದೆ, ಎಡಗಡೆ ರಾಯ; ಇಬ್ಬರನ್ನೂ ಜೀವಂತವಾಗಿ ಇದ್ದ ಹಾಗೆಯೇ, ಅವರು ತೊಡುತ್ತಿದ್ದ ಉಡುಪಿನಲ್ಲೇ ಬರೆದಿದ್ದರಂತೆ. ತಂದೆ ಕಪ್ಪು, ಮಗನಿಗಿಂತ ದಪ್ಪ ಎಂದು ಆ ಚಿತ್ರ ನೋಡಿಯೇ ಅವನು ತಿಳಿದುಕೊಂಡ. ಅಂದರೆ ಹೋಲಿಕೆಯನ್ನು ಹಿಡಿಯಬಲ್ಲ ಕೈಗಳು ಹಂಪಿಯಲ್ಲಿದ್ದವು. ದೇವರ ಮುಂದೆ ನಿಲ್ಲಲು ಒಂದು ಮುಖ, ಅರಮನೆಯ ಬಾಗಿಲಲ್ಲಿ ನಿಲ್ಲಲು ಇನ್ನೊಂದು ಮುಖ. 1565ರ ನಂತರ ಆ ಅರಮನೆಯಲ್ಲಿ ಉಳಿದದ್ದು ಅಡಿಪಾಯದ ಕಲ್ಲು ಮಾತ್ರ. ಎಡಗಡೆಯ ಆ ಚಿತ್ರದ ಕೆನ್ನೆಯ ಮೇಲೆ ಚಿತ್ರಗಾರ ಕುಳಿಗಳನ್ನು ತೋರಿಸಿದ್ದನೇ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಹಂಪಿಗೆ ಹೋದಾಗಲೆಲ್ಲ ವಿರೂಪಾಕ್ಷನ ದರ್ಶನಕ್ಕಿಂತ ಮೊದಲು ಆ ಬರಿಯ ಜಗಲಿಗಳ ಮೇಲೆ ಅಲೆದಾಡಿ ಬರುವ ಚಟ ನನಗೆ ಇರುವುದು ಇದಕ್ಕಾಗಿಯೇ.

ನನ್ನ ಹೊಟ್ಟೆಪಾಡಿಗೂ ಇದಕ್ಕೂ ಸಂಬಂಧವಿದೆ. ನಾನು ಕೊಪ್ಪಳದ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಶಾಲೆ ಬಿಟ್ಟ ಮೇಲೆ ಕೇಳಿದವರಿಗೆ ಭಾವಚಿತ್ರ ಬರೆದುಕೊಡುತ್ತೇನೆ. ಹೆಚ್ಚಿನವು ತೀರಿಕೊಂಡವರವು. ಈಚೆಗೆ ಈ ಕೆಲಸವೂ ಕಡಿಮೆಯಾಗಿದೆ, ಏಕೆಂದರೆ ಫ್ಲೆಕ್ಸ್ ಅಂಗಡಿಯವರು ಒಂದೇ ಗಂಟೆಯಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತಾರೆ. ಬಸ್ ನಿಲ್ದಾಣದ ಬಳಿ ಅಂಥ ಅಂಗಡಿ ಇಟ್ಟುಕೊಂಡ ಗೆಳೆಯನೊಬ್ಬನಿದ್ದಾನೆ. ಅವನ ಕಂಪ್ಯೂಟರಿನಲ್ಲಿ ಸ್ವರ್ಗ ಸದಾ ಸಿದ್ಧವಾಗಿರುತ್ತದೆ: ನೀಲಿ ಆಕಾಶ, ಬಿಳಿ ಮೋಡ, ಕೆಳಗಡೆ ದೀಪ, ಮೇಲುಗಡೆ ‘ಭಾವಪೂರ್ಣ ಶ್ರದ್ಧಾಂಜಲಿ’. ಮುಖ ತಂದು ಕೊಟ್ಟರೆ ಸಾಕು. ಸುಕ್ಕು ಅಳಿಸಿ, ಬಣ್ಣ ನಾಲ್ಕು ಪಟ್ಟು ತಿಳಿಯಾಗಿಸಿ, ಜೀವಮಾನದಲ್ಲಿ ಕೋಟು ಕಾಣದವರಿಗೂ ಕೋಟು ತೊಡಿಸಿ ಕೊಡುತ್ತಾನೆ. ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸಿಗೂ ಅದೇ ಉಪಚಾರ. ಬಳ್ಳಾರಿಯಿಂದ ರಾಯಚೂರಿನ ತನಕ ರಸ್ತೆಯ ಬದಿಯಲ್ಲಿ ಶುಭಾಶಯ ಕೋರುವವರೂ ಕೋರಿಸಿಕೊಳ್ಳುವವರೂ ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತಿರುತ್ತಾರೆ. ಬಿಸಿಲಿಗೆ ಕೆಂಡವಾಗುವ ನಮ್ಮ ಈ ಸೀಮೆಯಲ್ಲಿ ಅಷ್ಟೊಂದು ಬಿಳುಪು ಚರ್ಮ ಎಲ್ಲಿಂದ ಬಂತು ಎಂದು ಕೇಳುವವರಿಲ್ಲ.

ಇಟಲಿಯ ಡೊಮೆನಿಕೊ ಗಿರ್ಲಾಂಡಾಯೊ ಎಂಬ ಚಿತ್ರಕಾರನಿಗೂ ಸತ್ತವರ ಮುಖ ಬರೆಯುವ ಕೆಲಸ ಬಂದಿತ್ತು. ಸುಮಾರು 1490ರ ಮಾತು. ಮುದುಕನೊಬ್ಬ ಮೊಮ್ಮಗನನ್ನು ಹಿಡಿದುಕೊಂಡು ಕುಳಿತಿರುವ ಆ ಚಿತ್ರ ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಮುದುಕನ ಮೂಗು ರೋಗದಿಂದ ಊದಿಕೊಂಡು ಗಂಟುಗಂಟಾಗಿದೆ. ಹಣೆಯ ಮೇಲೆ ನರುಲಿ. ಮಗು ಅಂಗೈಯನ್ನು ತಾತನ ಎದೆಯ ಮೇಲಿಟ್ಟು ಅದೇ ಮುಖವನ್ನು ದಿಟ್ಟಿಸುತ್ತಿದೆ. ಸ್ಟಾಕ್‌ಹೋಮಿನಲ್ಲಿ ಇದೇ ಮುದುಕನ ಇನ್ನೊಂದು ರೇಖಾಚಿತ್ರವಿದೆ. ಅದರಲ್ಲಿ ಅವನ ಕಣ್ಣು ಮುಚ್ಚಿದೆ. ಸತ್ತ ಮೇಲೆ ಬರೆದುಕೊಂಡದ್ದು ಎಂದು ತಿಳಿದವರು ಹೇಳುತ್ತಾರೆ. ಚಿತ್ರಕಾರ ಮುಚ್ಚಿದ ಕಣ್ಣನ್ನು ತೆರೆದ; ಮೂಗನ್ನು ಮುಟ್ಟಲಿಲ್ಲ. ಕಣ್ಣು ತೆರೆಯುವಷ್ಟು ಸ್ವಾತಂತ್ರ್ಯ ತೆಗೆದುಕೊಂಡವನಿಗೆ ಮೂಗು ತೀಡುವುದು ಯಾವ ದೊಡ್ಡ ಕೆಲಸ? ಆದರೆ ಮೂಗು ತೀಡಿದ್ದರೆ ಮೊಮ್ಮಗನ ನೋಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಎಂಥ ಮುಖವನ್ನು ಆ ಮಗು ಅಂಜದೆ ನೋಡುತ್ತಿದೆ ಎಂಬುದರಲ್ಲಿ ಚಿತ್ರದ ಜೀವವಿದೆ. ಆ ಮುದುಕನ ಹೆಸರು ನಮಗೆ ಉಳಿದು ಬಂದಿಲ್ಲ. ಆದರೂ ಅವನು ಯಾರೋ ಒಬ್ಬ ಮುದುಕನಲ್ಲ, ಆ ಒಬ್ಬನೇ.

ಹಾಗೆಂದು ಮುಖ ಇದ್ದಂತೆಯೇ ತೋರಿಸುವುದೇ ಭಾವಚಿತ್ರದ ಧರ್ಮ ಎಂದು ನಾನು ಹೇಳಲಾರೆ. ಇದ್ದದ್ದನ್ನು ಇದ್ದಂತೆ ತೋರಿಸುವ ಯಂತ್ರ ಎಲ್ಲರ ಕಿಸೆಯಲ್ಲೂ ಒಂದು ಪಟವನ್ನು ಇಟ್ಟಿದೆ: ಆಧಾರ್ ಕಾರ್ಡಿನದು. ನನ್ನ ಬಳಿ ಬರುವ ಹತ್ತು ಜನರಲ್ಲಿ ಏಳೆಂಟು ಜನ ತರುವುದು ಅದನ್ನೇ. ಹೊಲದಲ್ಲಿ ಹಂತಿ ಹಾಡಿದವನು, ಗಾದೆಯ ಮೇಲೆ ಗಾದೆ ಹೇಳಿ ನಗಿಸಿದವಳು, ಎಲ್ಲರೂ ಅದರಲ್ಲಿ ತಪ್ಪಿತಸ್ಥರಂತೆ ಕಾಣುತ್ತಾರೆ. ಅದು ಕ್ಯಾಮೆರಾದ ದೋಷವಲ್ಲ. ಆ ಪಟದಲ್ಲಿ ಎದುರು ಕುಳಿತಿದ್ದವನು ಸರಕಾರ. ನಗಬೇಡಿ, ಅಲುಗಾಡಬೇಡಿ, ಇಲ್ಲಿ ನೋಡಿ. ಸರದಿಯಲ್ಲಿ ನಿಂತು ನಿಂತು ಸಾಕಾದ ರೈತ ಸರಕಾರದ ಮುಖ ನೋಡುವಾಗ ಹೇಗೆ ನೋಡುತ್ತಾನೋ ಅದು ಅದರಲ್ಲಿ ಚೆನ್ನಾಗಿಯೇ ಮೂಡಿದೆ. ಸುಳ್ಳು ಅಲ್ಲ. ಆದರೆ ಅವನ ಹೆಂಡತಿಯೋ ಮಗಳೋ ಕಂಡ ಮುಖ ಅದಲ್ಲ.

ಮುಖ ಯಾವಾಗಲೂ ಯಾರಿಗೋ ತೋರಿದ ಮುಖ. ಎದುರು ಇರುವವರು ಬದಲಾದರೆ ಮುಖ ಬದಲಾಗುತ್ತದೆ. ಗವಿಮಠದ ಜಾತ್ರೆಯಲ್ಲಿ, ಹುಲಿಗೆಮ್ಮನ ಜಾತ್ರೆಯಲ್ಲಿ ಹಿಂದೆ ಪರದೆ ಕಟ್ಟಿದ ಸ್ಟುಡಿಯೋಗಳು ಬರುತ್ತಿದ್ದವು. ಪರದೆಯ ಮೇಲೆ ಕಾರಂಜಿ, ಬಂಗಲೆ, ನಮ್ಮ ಕಡೆ ಯಾರೂ ಕಾಣದ ಹಸಿರು ಬೆಟ್ಟ. ಹೊಸದಾಗಿ ಮದುವೆಯಾದವರು ಅದರ ಮುಂದೆ ಬಿಗಿಯಾಗಿ ಕುಳಿತು, ಗಂಡ ಕೈಗಡಿಯಾರ ಕಾಣುವಂತೆ ಮುಂಗೈ ತಿರುಗಿಸಿ, ಪಟ ತೆಗೆಸಿಕೊಳ್ಳುತ್ತಿದ್ದರು. ಪಟ್ಟಣದವರು ಅದನ್ನು ನೋಡಿ ನಗುತ್ತಿದ್ದರು. ನನಗೆ ಅವು ಗೌರವದ ಪಟಗಳಾಗಿ ಕಾಣುತ್ತವೆ. ನಾವು ಹೀಗೆ ಕಾಣಬೇಕು ಎಂದು ಅವರು ತಾವೇ ತೀರ್ಮಾನಿಸಿದ್ದರು. ಫ್ಲೆಕ್ಸಿನ ಕೋಟಿಗೂ ಆ ಕೈಗಡಿಯಾರಕ್ಕೂ ಇರುವ ವ್ಯತ್ಯಾಸ ಇಷ್ಟೇ: ಗಡಿಯಾರ ಅವನು ಬದುಕಿದ್ದಾಗ ಅವನೇ ಕಟ್ಟಿಕೊಂಡದ್ದು, ಅದು ಎರವಲು ತಂದದ್ದಾಗಿದ್ದರೂ.

ಆ ತೀರ್ಮಾನ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯ ಬೀದಿಯೇ ಸಾಕ್ಷಿ. ಕನ್ನಡಿ ಕೆಲಸದ ಚೀಲ, ಕವಡೆ ಸರ ಮಾರುವ ಲಂಬಾಣಿ ಹೆಂಗಸರ ಮುಖಕ್ಕೆ ಉದ್ದನೆಯ ಕ್ಯಾಮೆರಾ ಹಿಡಿದವರು ದಿನವೂ ಸಿಗುತ್ತಾರೆ. ಪಟದ ಕೆಳಗೆ ಬರುವ ಹೆಸರು ‘ಲಂಬಾಣಿ ಮಹಿಳೆ’. ಇದಕ್ಕೆ ಹಳೆಯ ಪರಂಪರೆಯೇ ಇದೆ. 1868ರಿಂದ 1875ರ ತನಕ ಬ್ರಿಟಿಷ್ ಸರಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಹೊರತಂದಿತು. ಪುಟಪುಟಕ್ಕೂ ಮನುಷ್ಯರ ಪಟ, ಬಹುಪಾಲು ಪಟಗಳ ಕೆಳಗೆ ಜಾತಿಯ ಹೆಸರು. ಕುಳಿತವರ ಕಣ್ಣು, ಮೂಗು, ಗಾಯದ ಗುರುತು ಎಲ್ಲವೂ ಸ್ಪಷ್ಟವಾಗಿ ಮೂಡಿದ್ದರೂ ಅವು ಭಾವಚಿತ್ರಗಳಲ್ಲ, ಮಾದರಿಗಳು. ಹೋಲಿಕೆ ನೂರಕ್ಕೆ ನೂರು, ಮನುಷ್ಯ ಸೊನ್ನೆ. ರಾಯಚೂರಿನ ಕೋಟೆಯಲ್ಲಿ ಇದಕ್ಕೆ ತದ್ವಿರುದ್ಧವಾದುದೊಂದಿದೆ. ಅಲ್ಲಿನ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು. ಅದರ ಮೇಲೆ 1294ರ ಶಾಸನ. ಕೋಟೆ ಕಟ್ಟಿಸಿದವರ ಹೆಸರು ಅಕ್ಷರದಲ್ಲಿದೆ, ಅವರ ಮುಖವಿಲ್ಲ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಜಾನುವಾರುಗಳ ಸಾಲು, ಅವನ್ನು ಹುರಿದುಂಬಿಸುವ, ಗಾಲಿಗೆ ಸನ್ನೆಕೋಲು ಕೊಡುವ ಜನ ಗೆರೆಯಲ್ಲಿ ಮೂಡಿದ್ದಾರೆ, ಅವರ ಹೆಸರಿಲ್ಲ. ಹೆಸರು ಒಬ್ಬರಿಗೆ, ಆಕಾರ ಇನ್ನೊಬ್ಬರಿಗೆ. ಆದರೂ ಲಂಬಾಣಿ ಹೆಂಗಸಿನ ಪಟಕ್ಕಿಂತ ಈ ಗೆರೆಗಳ ಮೇಲೆ ನನಗೆ ಹೆಚ್ಚು ಪ್ರೀತಿ. ಬರೆದವನು ಅವರ ದಣಿವನ್ನು ಬಲ್ಲವನು ಅನಿಸುತ್ತದೆ.

ಮುಖದ ಮಾತು ಬಿಟ್ಟೇ ಮನುಷ್ಯರನ್ನು ಉಳಿಸಿಕೊಂಡವರು ನಮ್ಮ ಹಿಂದಿನವರು. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು ಮಾತ್ರ ಮೇಲೆದ್ದಿರುತ್ತದೆ. ವೀರಗಲ್ಲಿನಲ್ಲಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ದನ ಮರಳಿ ತರಲು ಹೋಗಿ ಸತ್ತವನ ಮೂಗು ಹೇಗಿತ್ತು ಎಂಬುದು ಯಾರಿಗೂ ಬೇಕಿರಲಿಲ್ಲ. ಅವನು ಮಾಡಿದ್ದೇನು ಎಂಬುದೇ ಅವನು. ಇನ್ನು ಕಿನ್ನಾಳದಲ್ಲಿ ಮರದ ಗ್ರಾಮದೇವತೆಗಳನ್ನು ಮಾಡುವ ಚಿತ್ರಗಾರರು ಹಗುರವಾದ ಮರ ಕೆತ್ತಿ, ಹುಣಸೆ ಬೀಜದ ಅಂಟಿನ ಕಿಟ್ಟದಿಂದ ಮೈ ತುಂಬಿ, ಒಡವೆಗಳನ್ನು ಉಬ್ಬಿಸಿ, ಬಣ್ಣವೆಲ್ಲ ಮುಗಿದ ಮೇಲೆ ಕಡೆಗೆ ಕಣ್ಣು ಬರೆಯುತ್ತಾರೆ. ದುರ್ಗಮ್ಮನ ಮುಖ ಇನ್ನೊಬ್ಬ ಅಮ್ಮನ ಮುಖಕ್ಕಿಂತ ಬೇರೆಯೇನಲ್ಲ. ಆದರೆ ಕಣ್ಣು ಬಂದೊಡನೆ ಕೆಲಸದ ಕೋಣೆಯಲ್ಲಿ ಯಾರೋ ಇದ್ದಾರೆ ಅನಿಸುತ್ತದೆ, ಅಲ್ಲಿಯವರೆಗೆ ಹಲಗೆಯ ಮೇಲೆ ಮಲಗಿದ್ದ ಮರಕ್ಕೆ ಬೆನ್ನು ತಿರುಗಿಸಲು ಅಳುಕಾಗುತ್ತದೆ. ಯಾರೋ ಇದ್ದಾರೆ ಎನ್ನುವುದು ಒಂದು. ಇವರೇ ಇದ್ದಾರೆ ಎನ್ನುವುದು ಬೇರೆ. ಕಣ್ಣು ಮೊದಲನೆಯದನ್ನು ಕೊಡುತ್ತದೆ. ಎರಡನೆಯದು ಎಲ್ಲಿಂದ ಬರುತ್ತದೆ?

ಸಿಡುಬಿನ ಕುಳಿಯಿಂದ, ಊದಿದ ಮೂಗಿನಿಂದ ಎಂದು ನಾನು ವರ್ಷಗಟ್ಟಲೆ ವಾದಿಸುತ್ತ ಬಂದವನು. ಆ ವಾದಕ್ಕೆ ಎದುರು ನಿಂತವಳು ಯಲಬುರ್ಗಾ ಕಡೆಯ ಒಬ್ಬ ಹೆಣ್ಣುಮಗಳು. ತೀರಿಕೊಂಡ ಗಂಡನ ಚಿತ್ರ ಬರೆಸಲು ಬಂದಿದ್ದಳು, ಜೊತೆಗೆ ಮಗ. ಎರಡು ಪಟ ತಂದಿದ್ದರು: ಒಂದು ಅದೇ ಆಧಾರಿನದು, ಇನ್ನೊಂದು ಯಾರದೋ ಮದುವೆಯ ಗುಂಪಿನ ಪಟ. ಎಡಹುಬ್ಬಿನ ಮೇಲಿಂದ ಹಣೆಗೆ ಏರಿದ ಉದ್ದನೆಯ ಗಾಯದ ಗುರುತು ಎರಡರಲ್ಲೂ ಇತ್ತು. ಪೆನ್ಸಿಲಿನಲ್ಲಿ ಮೊದಲ ಕರಡು ಮಾಡಿದಾಗ ಅದನ್ನು ಮುತುವರ್ಜಿಯಿಂದ ಮೂಡಿಸಿದೆ. ಮಗ ನೋಡಿ, ಚೆನ್ನಾಗಿದೆ ಎಂದ. ತಾಯಿ ಬೆರಳು ಇಟ್ಟು, ಇದನ್ನು ಅಳಿಸಿಬಿಡಿ ಎಂದಳು.

“ಅವ್ವಾ, ಇದು ಅವರ ಗುರುತಲ್ಲವೇ? ಇದನ್ನು ತೆಗೆದರೆ ಅವರಂತೆ ಕಾಣುವುದಿಲ್ಲ” ಎಂದೆ.

“ಅದು ಅವರದಲ್ಲ ಮಾಸ್ತರ, ಹೊಡೆದವನದು. ಅವನನ್ನು ನಮ್ಮ ಮನೆಯ ಗೋಡೆಗೆ ಯಾಕೆ ಏರಿಸಲಿ?”

ಯಾರು ಹೊಡೆದದ್ದು, ಯಾವ ಕಾಲಕ್ಕೆ ಎಂದು ನಾನು ಕೇಳಲಿಲ್ಲ. ಮಗನ ಮುಖ ನೋಡಿದರೆ ಅವನಿಗೂ ಪೂರ್ತಿ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ಅವಳು ತಾನಾಗಿಯೇ ಒಂದು ಮಾತು ಸೇರಿಸಿದಳು. ಅವರ ಕಿವಿ ಸ್ವಲ್ಪ ಮಂದವಾಗಿತ್ತಂತೆ. ಯಾರಾದರೂ ಮಾತನಾಡುವಾಗ ಬಲಗಣ್ಣನ್ನು ತುಸು ಸಣ್ಣ ಮಾಡಿ, ಕತ್ತು ವಾಲಿಸಿ ಕೇಳುತ್ತಿದ್ದರಂತೆ. ಅದನ್ನು ತನ್ನಿ ಎಂದಳು. ಅದು ಎರಡು ಪಟದಲ್ಲೂ ಇರಲಿಲ್ಲ. ಅವಳನ್ನೇ ಎದುರಿಗೆ ಕೂರಿಸಿಕೊಂಡು, ಇಷ್ಟೇ, ಇನ್ನೂ ಸ್ವಲ್ಪ, ಅಷ್ಟು ಬೇಡ ಎಂದು ಅವಳು ಹೇಳಿದಂತೆ ಕಣ್ಣನ್ನು ತಿದ್ದಿದೆ. ಕಂಡಿರದ ಮನುಷ್ಯನ ಕಣ್ಣನ್ನು ಅವನನ್ನು ಕಂಡವಳ ಬಾಯಿಂದ ಬರೆಯುವುದು ವಿಚಿತ್ರವಾದ ಕೆಲಸ. ಹಣೆಯ ಗುರುತು ಹೋಯಿತು. ಚಿತ್ರ ಪಟಗಳಿಗೆ ಹೋಲುವುದು ಕಡಿಮೆಯಾಯಿತು, ಅವಳು ಕಂಡ ಗಂಡನಿಗೆ ಹೋಲುವುದು ಹೆಚ್ಚಾಯಿತು. ಫ್ಲೆಕ್ಸಿನ ಗೆಳೆಯ ಅಳಿಸುವುದಕ್ಕೂ ಇವಳು ಅಳಿಸಿದ್ದಕ್ಕೂ ಏನು ಭೇದ ಎಂದು ಯಾರಾದರೂ ಕೇಳಬಹುದು. ಅವನು ಯಾರ ಮುಖವಾದರೂ ಒಂದೇ ರೀತಿ ಅಳಿಸುತ್ತಾನೆ. ಇವಳು ಗೊತ್ತಿದ್ದು ಅಳಿಸಿದಳು.

ಮೂರನೆಯ ಶತಮಾನದ ರೋಮಿನಲ್ಲಿ ಪ್ಲೊಟೈನಸ್ ಎಂಬ ತತ್ತ್ವಜ್ಞಾನಿ ತನ್ನ ಚಿತ್ರ ಬರೆಸಿಕೊಳ್ಳಲು ಒಪ್ಪಲಿಲ್ಲ. ಪ್ರಕೃತಿ ನಮಗೆ ತೊಡಿಸಿದ ಈ ಬಿಂಬವನ್ನು ಹೊತ್ತು ತಿರುಗುವುದೇ ಸಾಕಾಗಿರುವಾಗ ಬಿಂಬದ ಇನ್ನೊಂದು ಬಿಂಬವನ್ನು ಯಾಕೆ ಉಳಿಸಿಹೋಗಬೇಕು ಎಂಬುದು ಅವನ ತಕರಾರು. ನಮ್ಮ ಕಡೆಯ ಮಠದ ಜಗಲಿಯ ಮೇಲೆ ಕುಳಿತು ಯಾರಾದರೂ ಹೇಳಿದ್ದರೂ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಶಿಷ್ಯ ಅಮೀಲಿಯಸ್ ಬಿಡುವವನಲ್ಲ. ಕಾರ್ಟೀರಿಯಸ್ ಎಂಬ ಚಿತ್ರಕಾರನನ್ನು ಪಾಠಕ್ಕೆ ಕರೆತಂದು ಕೂರಿಸತೊಡಗಿದ. ಪಾಠಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಚಿತ್ರಕಾರ ಗುರುವನ್ನು ನೋಡುತ್ತ, ಕೇಳುತ್ತ, ಮನಸ್ಸಿನಲ್ಲಿ ತುಂಬಿಕೊಂಡು ಹೋಗಿ ಬರೆದ. ಅಮೀಲಿಯಸ್ ತಿದ್ದಿಸಿದ. ಗುರುವಿಗೆ ತಿಳಿಯದಂತೆಯೇ ಅವನ ಚಿತ್ರ ಸಿದ್ಧವಾಯಿತು, ಚೆನ್ನಾಗಿ ಹೋಲುತ್ತಿತ್ತು ಎಂದು ಇನ್ನೊಬ್ಬ ಶಿಷ್ಯ ಪಾರ್ಫಿರಿ ಬರೆದಿದ್ದಾನೆ. ಕದ್ದು ಬರೆದದ್ದು ಸರಿಯೇ ಎಂಬ ಜಗಳ ಹಾಗಿರಲಿ, ವಿಧಾನ ನನಗೆ ಬಹಳ ಹಿಡಿಸಿದೆ: ಚಿತ್ರಕ್ಕಾಗಿ ಕೂರದ, ಬೇರೇನನ್ನೋ ಯೋಚಿಸುತ್ತಿರುವ ಮನುಷ್ಯ, ಅವನನ್ನು ಕೇಳಿಸಿಕೊಂಡ ಚಿತ್ರಕಾರ, ನೆನಪು ತಪ್ಪಿದಲ್ಲಿ ತಿದ್ದಲು ಅವನ ಒಡನಾಡಿ. ಯಲಬುರ್ಗಾದ ಆ ತಾಯಿ ನನಗೆ ಅಮೀಲಿಯಸ್ ಆಗಿದ್ದಳು.

ತನ್ನ ಚಿತ್ರವನ್ನು ತಾನೇ, ಅದೂ ಕಲ್ಲಿನ ಮೇಲೆ, ಮಾತಿನಲ್ಲಿ ಬರೆಸಿದವನೊಬ್ಬ ಕೊಪ್ಪಳದಲ್ಲೇ ಇದ್ದಾನೆ. ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಮುಖವಿಲ್ಲ, ಹೆಸರೂ ಇಲ್ಲ. ದೇವಾನಾಂಪ್ರಿಯ ಎಂದಷ್ಟೇ ಇದೆ. ಆ ದೇವಾನಾಂಪ್ರಿಯ ಅಶೋಕನೇ ಎಂದು ಕಲ್ಲೇ ಬಾಯಿಬಿಟ್ಟು ಹೇಳಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನ ಹುಡುಕುತ್ತಿದ್ದ ಎಂಜಿನಿಯರನೊಬ್ಬನ ಕಣ್ಣಿಗೆ ಅಲ್ಲಿನ ಶಾಸನ ಬಿದ್ದಾಗ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಂತೂ ರಾಣಿಯೊಡನೆ ನಿಂತ ರಾಜನ ಉಬ್ಬುಶಿಲ್ಪವೂ ಅದರ ಜೊತೆಗೆ ‘ರಾಯ ಅಸೋಕೋ’ ಎಂಬ ಬರಹವೂ ದೊರೆತವು. ಅದು ಅವನು ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ ಕೆತ್ತಿದ್ದು. ಕೆತ್ತಿದವನು ಅವನನ್ನು ಕಂಡಿರಲಿಲ್ಲ, ಕಂಡವರನ್ನು ಕಂಡವರನ್ನೂ ಕಂಡಿರಲಿಲ್ಲ. ಪತ್ರಿಕೆಗಳು ಅದನ್ನು ಅಶೋಕನ ಭಾವಚಿತ್ರ ಎಂದು ಸಂಭ್ರಮಿಸಿದಾಗ ನಾನು ಗವಿಮಠದ ಬಂಡೆಯನ್ನು ನೆನೆದೆ.

ಏಕೆಂದರೆ ಅಲ್ಲಿ ಅವನು ಹೇಳುವುದು ಇದು: ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲು ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಬಳಿಗೆ ಹೋಗಿ ಒಂದು ವರ್ಷಕ್ಕೂ ಮಿಕ್ಕಿತು, ಈಗ ಚೆನ್ನಾಗಿ ಶ್ರಮಪಡುತ್ತಿದ್ದೇನೆ. ಇಂಥ ಮಾತನ್ನು ಬಂಡೆಯ ಮೇಲೆ ಕೊರೆಸಿದ ಚಕ್ರವರ್ತಿ ಇನ್ನೊಬ್ಬನನ್ನು ನಾನು ಅರಿಯೆ. ಸಿಡುಬಿನ ಕುಳಿಯನ್ನು ಪಾಯಸ್ ಹೇಳಬೇಕಾಯಿತು; ಇವನು ತನ್ನದನ್ನು ತಾನೇ ಹೇಳಿದ. ಹೊಡೆದವನ ಗುರುತಲ್ಲ, ತನ್ನದೇ.

ಒಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಆ ಸಾಲುಗಳ ಅರ್ಥ ಹೇಳಿ, ಕನಗನಹಳ್ಳಿಯ ಶಿಲ್ಪವನ್ನು ತೋರಿಸದೆ, ಇಷ್ಟರ ಮೇಲೇ ಅಶೋಕನ ಚಿತ್ರ ಬರೆಯಿರಿ ಎಂದೆ. ಹೆಚ್ಚಿನವರು ಪಠ್ಯಪುಸ್ತಕದ ನೆನಪಿನಿಂದ ಕಿರೀಟ, ಸಿಂಹ, ಮೀಸೆ ಬರೆದರು. ಒಬ್ಬಳು ಬೆನ್ನು ತೋರಿಸಿ ನಡೆಯುತ್ತಿರುವವನನ್ನು ಬರೆದಿದ್ದಳು. ಮುಖ ಬರೆಯಲು ಬರುವುದಿಲ್ಲ, ಅದಕ್ಕೇ ಹಾಗೆ ಎಂದಳು. ಇನ್ನೊಬ್ಬ ಹುಡುಗನ ಹಾಳೆಯಲ್ಲಿ ಅಶೋಕ ಹೋಂವರ್ಕ್ ಮಾಡದೆ ಬಂದು ತರಗತಿಯ ಬಾಗಿಲ ಹೊರಗೆ ಕಿವಿ ಹಿಡಿದುಕೊಂಡು ನಿಂತಿದ್ದ, ಕಿರೀಟ ಸಮೇತ. ಕಣ್ಣಿನಲ್ಲಿ ಮಾತ್ರ ನಾಳೆಯಿಂದ ಖಂಡಿತ ಮಾಡುತ್ತೇನೆ ಎಂಬ ಭಾವ. ಹತ್ತಕ್ಕೆ ಒಂಬತ್ತು ಕೊಟ್ಟೆ. ಕೈಬೆರಳು ಸರಿಯಾಗಿ ಬಂದಿರಲಿಲ್ಲ.